ಅಪ್ಪನ ಜೋಡಿ ಒಂದು ಪಾಕೀಟು

ನನ್ನಪ್ಪನ ಎದುರು ಕೂತು ನಾನು ಮೊದಲ ಸಲ ಕುಡಿದದ್ದು 2007ರ ಜೂನ್ 30ರ ರಾತ್ರಿ, ಕಮಲಾಪುರದಲ್ಲಿ. ನಮ್ಮ ಕೇರಿಯಲ್ಲಿ ತಾರೀಖು ನೆನಪಿಡುವ ರೂಢಿ ಇಲ್ಲ. ನಾನು ಹುಟ್ಟಿದ ದಿನವನ್ನೇ ಸಾಲಿ ಮಾಸ್ತರರು ಅಂದಾಜಿಗೆ ಜೂನ್ 1 ಅಂತ ಬರೆದುಕೊಂಡರು. ಆದರೆ ಈ ತಾರೀಖನ್ನು ಸರ್ಕಾರವೇ ತಲೆಯೊಳಗೆ ಕೊರೆದಿಟ್ಟಿದೆ. ಮರುದಿನ ಬೆಳಗಾದರೆ, ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ಬಂದ್.

ಅಂದು ಶನಿವಾರ. ಕಲಬುರಗಿಯಿಂದ (ಆಗಿನ್ನೂ ಗುಲಬರ್ಗಾ) ಹುಮನಾಬಾದ ರಸ್ತೆಯ ಬಸ್ಸು ಹಿಡಿದು ಊರಿಗೆ ಬಂದು ಇಳಿದರೆ ಶೆರೆ ಅಂಗಡಿಯ ಮುಂದೆ ಜಾತ್ರೆ ಕೂಡಿದಂಗೆ ಮಂದಿ. ಕೆಲವರು ಅಳುತ್ತಿದ್ದರು, ಕೆಲವರು ಕುಣಿಯುತ್ತಿದ್ದರು. ಒಬ್ಬ ಅಂಗಡಿಯ ಹೊಸ್ತಿಲಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ. ಆ ಗದ್ದಲದೊಳಗಿಂದ ಅಪ್ಪ ಹೊರಗೆ ಬಂದ. ಧೋತರದ ಚುಂಗಿನಲ್ಲಿ ಆರು ಪಾಕೀಟು ಗಂಟು ಕಟ್ಟಿಕೊಂಡಿದ್ದ. ಬೇರೆ ದಿನವಾಗಿದ್ದರೆ ನನ್ನನ್ನು ಕಂಡು ಬಾಜೂ ಓಣಿಗೆ ಹೊಳ್ಳುತ್ತಿದ್ದ. ಅಂದು ಹೊಳ್ಳಲಿಲ್ಲ.

"ನಾಳಿಂದ ಇದು ಇರಲ್ಲ ತಮ್ಮಾ. ಇವತ್ತೊಂದಿನ ನನ್ನ ಜೋಡಿ ಕುಂದರು" ಅಂದ.

ನಾನು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನೌಕರಿಗೆ ಸೇರಿ ಒಂದು ವರ್ಷವಾಗಿತ್ತು. ಕುಡಿಯುವುದು ನನಗೆ ಹೊಸದೇನಲ್ಲ. ಸ್ಟೇಷನ್ ರಸ್ತೆಯ ಬಾರುಗಳಲ್ಲಿ ಸಹೋದ್ಯೋಗಿಗಳ ಜೋಡಿ ಕೂತವ. ಆದರೆ ಅಪ್ಪನ ಎದುರು? ಬೀಡಿ ಸೇದಿದ ವಾಸನೆ ಬಾಯಲ್ಲಿದ್ದರೂ ನಾವು ಮನೆಯ ಒಳಗೆ ಹೋಗುತ್ತಿರಲಿಲ್ಲ. ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲವಂತೆ, 1967ರಿಂದಲೂ. ಹತ್ತು ವರ್ಷದ ನನ್ನ ಕೈಗೆ ಚಿಲ್ಲರೆ ಕೊಟ್ಟು ಶೆರೆ ತರಲು ಓಡಿಸುತ್ತಿದ್ದ ಅಪ್ಪನಿಗೂ, ಕೌಂಟರಿನ ಆಚೆಯಿಂದ ಬಗ್ಗಿ ನನ್ನ ಕೈಗಿಡುತ್ತಿದ್ದವನಿಗೂ ಆ ನಿಯಮ ಯಾರೂ ಓದಿ ಹೇಳಿರಲಿಲ್ಲ. ತಂದು ಕೊಡುವ ವಯಸ್ಸಾಗಿತ್ತು ನನಗೆ. ಜೊತೆಗೆ ಕೂಡುವ ವಯಸ್ಸಾಗಲು ಇಪ್ಪತ್ತೆಂಟು ವರ್ಷ ಹಿಡಿಯಿತು.

ಕೂತೆ. ಎರಡು ಸ್ಟೀಲ್ ಗ್ಲಾಸು. ಅಪ್ಪ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದ, ಸಮಸಮ ಸುರಿದ. ಹಮಾಲಿ ಮಾಡಿದ ಕೈ, ತೂಕ ತಪ್ಪುವುದಿಲ್ಲ. ಅವ್ವ ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಒಂದು ಚಿಟಿಕೆ ಉಪ್ಪು ತಾಟಿನಲ್ಲಿ ಇಟ್ಟು "ನಿಮ್ಮ ಚಕಣಾ" ಅಂದು ಹೊರಗಿನ ಕಟ್ಟೆಗೆ ಹೋಗಿ ಕೂತಳು. ಅವಳು ಹೊರಗೆ ಹೋದದ್ದನ್ನು ನಾನು ಅಂದು ಗಮನಿಸಲಿಲ್ಲ. ಬಹಳ ವರ್ಷದ ಮೇಲೆ ನೆನಪಾದದ್ದು.

ಅಪ್ಪ ಮಾತಾಡಿದ. ನನ್ನ ಇಪ್ಪತ್ತೆಂಟು ವರ್ಷದಲ್ಲಿ ಆಡಿದ್ದನ್ನೆಲ್ಲ ಕೂಡಿಸಿದರೂ ಆಗದಷ್ಟು ಮಾತು ಆ ಒಂದು ರಾತ್ರಿ ಆಡಿದ. 1972ರ ಬರದಲ್ಲಿ ಕಲ್ಲು ಒಡೆಯಲು ಹೋದದ್ದು, ಒಡೆದ ಕಲ್ಲಿನ ರಾಶಿಯ ಮೇಲೆಯೇ ತನ್ನ ಅವ್ವ ಪ್ರಾಣ ಬಿಟ್ಟದ್ದು, ಮಣ್ಣು ಮಾಡಲು ಗುಂಡಿ ತೋಡುವ ಶಕ್ತಿ ಯಾರಿಗೂ ಇರದೆ ಸಂಜೆ ತನಕ ಕಾದದ್ದು. ಮುಂಬಯಿಗೆ ಹೋಗಿ ಎಂಟು ತಿಂಗಳು ಫುಟ್‌ಪಾತಿನಲ್ಲಿ ಮಲಗಿದ್ದು. ಹಿಂದಿರುಗಿ ಗುಲಬರ್ಗಾದ ನೆಹರು ಗಂಜಿನಲ್ಲಿ ಚೀಲ ಹೊರಲು ನಿಂತದ್ದು. ಊರ ದೊಡ್ಡವರ ಮನೆಯಲ್ಲಿ ಸಾವಾದರೆ ಹಲಗಿ ಬಡಿಯಲು ಕರೆ ಬರುತ್ತಿತ್ತು. ದಿನವಿಡೀ ಬಡಿದರೆ ಕೂಲಿಯಾಗಿ ಸಿಗುತ್ತಿದ್ದದ್ದು ಜೋಳ ಸ್ವಲ್ಪ, ಶೆರೆ ಜಾಸ್ತಿ. ಸಿಂದಿ ಅಂಗಡಿಯಲ್ಲಿ ಕೇರಿಯವರಿಗೆ ಬೇರೆ ಪಾತ್ರೆ, ಅದೂ ಕುಡಿದಾದ ಮೇಲೆ ತಾವೇ ತೊಳೆದು ಮಾಡಿನ ಸಂದಿಗೆ ಸಿಕ್ಕಿಸಬೇಕು. "ನಶಾದಾಗೂ ಜಾತಿ ಇಳೀತಿದ್ದಿಲ್ಲ ನೋಡು" ಅಂದು ನಕ್ಕ. ಅಪ್ಪನಿಗೆ ಅಷ್ಟು ಚೆಂದ ನಗಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಕೊನೆಯ ಪಾಕೀಟು ಹರಿಯುವ ಹೊತ್ತಿಗೆ ಇನ್ನೊಂದು ಮಾತು ಹೇಳಿದ. ನನ್ನ ಪಿಯುಸಿ ಪರೀಕ್ಷೆಯ ಫೀಸಿನ ಸಂಗತಿ. "ಮೂರು ತಿಂಗಳ ಬಾಯಿಗಿ ಒಂದು ಹನಿ ಹಾಕಿಲ್ಲ ತಮ್ಮಾ. ಗಂಜಿನಿಂದ ಸೀದಾ ಮನಿಗಿ. ಆ ರೊಕ್ಕಾ ಕೂಡಿಟ್ಟು ನಿನ್ನ ಫೀಸು ಕಟ್ಟೀನಿ." ಹೇಳಿ ನನ್ನ ತಲೆಯ ಮೇಲೆ ಕೈಯಿಟ್ಟ. ಕ್ವಿಂಟಲ್ ಚೀಲಗಳ ಸೆಣಬು ತಿಕ್ಕಿ ತಿಕ್ಕಿ ಒರಟಾದ ಅಂಗೈ. ನಾನು ಅತ್ತೆ. ಅವನೂ ಅತ್ತ. ಇಬ್ಬರೂ ಅಲ್ಲೇ ಚಾಪೆಯ ಮೇಲೆ ಬಿದ್ದುಕೊಂಡೆವು.

ಬಹಳ ವರ್ಷ ಇದೇ ನನ್ನ ಬದುಕಿನ ಅತ್ಯುತ್ತಮ ರಾತ್ರಿ ಅಂತ ನಾನು ಹೇಳಿಕೊಂಡು ತಿರುಗಿದೆ. ವೇದಿಕೆಯ ಮೇಲೂ ಹೇಳಿದೆ, ಚಪ್ಪಾಳೆ ಬಿದ್ದವು.

ಈಗ ಸಿಟ್ಟು ಬರುತ್ತದೆ.

ಮೊದಲ ಸಿಟ್ಟು ಬೆಂಗಳೂರಿನ ಒಬ್ಬ ಗೆಳೆಯನ ಮೇಲೆ. "ಅಪ್ಪ ನನಗೆ ಫ್ರೆಂಡ್ ಇದ್ದಂಗೆ, ಪ್ರತಿ ಶನಿವಾರ ಇಬ್ಬರೂ ಬಾಲ್ಕನಿಯಲ್ಲಿ ಕೂತು ಎರಡು ಪೆಗ್ ಹಾಕ್ತೀವಿ, ಕ್ರಿಕೆಟ್ ನೋಡ್ತೀವಿ" ಅಂತ ಹೇಳುತ್ತಾನೆ. ಅದರಲ್ಲೊಂದು ದೊಡ್ಡ ಸಾಮಾಜಿಕ ಕ್ರಾಂತಿ ನಡೆದುಹೋಗಿದೆ ಎಂಬಂತೆ ಎದೆಯುಬ್ಬಿಸುತ್ತಾನೆ. ಸಿನಿಮಾದವರಿಗೂ ಈ ದೃಶ್ಯ ಬಲು ಇಷ್ಟ. ಅಪ್ಪ ಮಗನ ಗ್ಲಾಸಿಗೆ ಐಸು ಹಾಕುತ್ತಾನೆ, ಹಿಂದೆ ಗಿಟಾರು ನುಡಿಯುತ್ತದೆ, ತಲೆಮಾರುಗಳ ಅಂತರ ಕರಗಿ ನೀರಾಗುತ್ತದೆ. ಅಲ್ಲಪಾ, ನಿನ್ನಪ್ಪ ಆರು ಗಂಟೆಗೆ ಮನೆಗೆ ಬರುತ್ತಿದ್ದ. ನಿನ್ನ ಹೋಂವರ್ಕು ನೋಡುತ್ತಿದ್ದ. ಹರಟೆಗೆ ಅವನಿಗೆ ಸಮಯವೂ ಇತ್ತು, ಶಬ್ದವೂ ಇತ್ತು. ಆ ಪೆಗ್ ಇಲ್ಲದಿದ್ದರೂ ನಿಮ್ಮಿಬ್ಬರ ನಡುವೆ ಮಾತು ನಡೆಯುತ್ತಿತ್ತು. ನಿಮಗೆ ಅದು ಊಟದ ಮೇಲಿನ ಎಲೆಅಡಿಕೆ. ನನ್ನಪ್ಪ ಬೆಳಗಿನ ಐದಕ್ಕೆ ಗಂಜಿಗೆ ಹೋದವನು ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ. ಬೆನ್ನು ನೆಟ್ಟಗಾಗುತ್ತಿರಲಿಲ್ಲ. ತೊಗರಿಯ ಧೂಳು ಮೂಗು, ಕಿವಿ, ಗಂಟಲಲ್ಲೆಲ್ಲ. ಅವನಿಗೆ ಶೆರೆ ಅಂದರೆ ಮೊದಲು ಮೈನೋವಿನ ಔಷಧ, ಆಮೇಲೆ ಮಿಕ್ಕದ್ದು. ಆ ಔಷಧ ಕುಡಿಯದ ಹೊರತು ಅವನ ಬಾಯಿ ತೆರೆಯುತ್ತಿರಲಿಲ್ಲ, ಕುಡಿದು ತೆರೆದ ಬಾಯಿಯಿಂದ ಬೈಗುಳ ಮಾತ್ರ ಬರುತ್ತಿತ್ತು. ಇಡೀ ಜೀವಮಾನದಲ್ಲಿ ಒಂದೇ ರಾತ್ರಿ ಅದರಿಂದ ಪ್ರೀತಿ ಬಂತು. ಅದಕ್ಕೂ ಸರ್ಕಾರದ ಆದೇಶ ಬೇಕಾಯಿತು.

ಮತ್ತೆ, ಅಪ್ಪನೆದುರು ಕುಡಿಯಬಾರದೆಂಬ ಮರ್ಯಾದೆಯ ಪರದೆಯನ್ನು ತಾವು ಹರಿದು ಹಾಕಿದೆವು ಅನ್ನುತ್ತಾರಲ್ಲ, ಆ ಪರದೆ ತೂಗುಹಾಕಲಾದರೂ ಒಂದು ಗೋಡೆ ಬೇಕು. ಒಂದೇ ಕೋಣೆಯ ಮನೆಯಲ್ಲಿ ಏನು ಮುಚ್ಚಿಡುತ್ತೀರಿ? ಅಪ್ಪ ಕುಡಿದದ್ದು, ಅವ್ವನನ್ನು ಬಡಿದದ್ದು, ಆಮೇಲೆ ಕಾಲು ಹಿಡಿದು ಅತ್ತದ್ದು, ಎಲ್ಲವೂ ನಮ್ಮ ಹಾಸಿಗೆಯಿಂದ ಎರಡು ಮೊಳ ದೂರದಲ್ಲಿ.

ಕುಡಿಯುವ ಜಾಗಕ್ಕೂ ಈ ನಾಡಿನಲ್ಲಿ ಅಂತಸ್ತಿದೆ. ಲೈಸೆನ್ಸಿನ ಭಾಷೆಯಲ್ಲೇ ಹೇಳುತ್ತೇನೆ. ಸಿ.ಎಲ್-9 ಅಂದರೆ ಬಾರು: ಕುರ್ಚಿ, ಟೇಬಲ್ಲು, ಫ್ಯಾನು, "ಏನ್ ಕೊಡ್ಲಿ ಸರ್" ಅನ್ನುವ ಹುಡುಗ. ಸಿ.ಎಲ್-2 ಅಂದರೆ ವೈನ್ ಶಾಪ್: ಕೊಂಡು ಹೋಗಬೇಕು, ಅಲ್ಲೇ ಕುಡಿಯುವಂತಿಲ್ಲ. ಹಾಗಾದರೆ ಕೂಲಿಯವ ಎಲ್ಲಿ ಕುಡಿಯಬೇಕು? ಅಂಗಡಿಯ ಹಿಂದಿನ ಗೋಡೆಗೆ ಮುಖ ಮಾಡಿ, ಉಚ್ಚೆಯ ವಾಸನೆಯಲ್ಲಿ, ನೀರಿನ ಪಾಕೀಟು ಬೆರೆಸಿ ಎರಡು ಗುಟುಕಿನಲ್ಲಿ ಮುಗಿಸಬೇಕು. ಕಲಬುರಗಿಯ ಯಾವ ವೈನ್ ಶಾಪಿನ ಹಿಂದೆ ಹೋದರೂ ಈ ಸಾಲು ಕಾಣುತ್ತದೆ. ಪೊಲೀಸರ ಲಾಠಿ ಇಳಿಯುವುದೂ ಅಲ್ಲಿಯೇ. ಅಪ್ಪ ಮಗ ಕೂತು ಮನಸ್ಸು ಬಿಚ್ಚಿ ಮಾತಾಡುವುದಕ್ಕೆ ಮೊದಲು ಕೂಡಲು ಒಂದು ಜಾಗ ಬೇಕು ಅನ್ನುವುದು ನಿಮ್ಮ ಸಿನಿಮಾದ ಕಥೆಗಾರನಿಗೆ ಹೊಳೆದಿಲ್ಲ.

ನಮ್ಮವರನ್ನು ಕುಡುಕರು ಅನ್ನುವವರಿಗೆ ಒಂದು ಲೆಕ್ಕ ಕೇಳಬೇಕಿದೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಬಿಳಿಯ ಮಾಲೀಕರು ಕೂಲಿಯ ಒಂದು ಪಾಲನ್ನು ವೈನಿನಲ್ಲೇ ಕೊಡುತ್ತಿದ್ದರು. 'ಡಾಪ್' ಪದ್ಧತಿ ಅಂತ ಅದಕ್ಕೆ ಹೆಸರು. ಕಾನೂನಿನಲ್ಲಿ ನಿಷೇಧವಾದ ಮೇಲೂ ಬಹಳ ವರ್ಷ ನಡೆಯಿತು. ತಲೆಮಾರುಗಟ್ಟಲೆ ಜನ ಹುಟ್ಟುತ್ತಲೇ ಅದಕ್ಕೆ ಬಿದ್ದರು. ಅದನ್ನು ಓದುವಾಗ ನನಗೆ ಹಲಗಿಯ ಸದ್ದು ಕೇಳಿಸಿತು. ಸಾವಿಗೆ ಹಲಗಿ ಬಡಿದರೆ ಶೆರೆ, ಸತ್ತ ದನ ಎಳೆದರೆ ಶೆರೆ, ಗುಂಡಿ ತೋಡಿದರೆ ಶೆರೆ, ರಾಶಿ ಮಾಡಿದರೆ ಶೆರೆ. ಮೈಮೇಲೆ ಎಚ್ಚರವಿದ್ದ ಮನುಷ್ಯ ಮಾಡಲಾರದ ಕೆಲಸ ಮಾಡಿಸಲು ಮೊದಲು ಎಚ್ಚರ ತಪ್ಪಿಸಬೇಕು. ಇದನ್ನು ಕೇರಿ ಕಂಡುಹಿಡಿಯಲಿಲ್ಲ. ಕುಡಿಸಿದವರ ಮೊಮ್ಮಕ್ಕಳೇ ಇವತ್ತು ನಮ್ಮ ಕೇರಿಯ ಬಾಯಿಗೆ ಬಂದು ದುಶ್ಚಟದ ಮೇಲೆ ಭಾಷಣ ಬಿಗಿಯುತ್ತಾರೆ.

ಇನ್ನು ಸರ್ಕಾರಗಳು. ನಿಜಾಮನ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯ. ಗುತ್ತಿಗೆ ಹಿಡಿದವ ಗುತ್ತೇದಾರ, ಕುಡಿದವ ಸಾಲಗಾರ. 1947ರಲ್ಲಿ ಹೈದರಾಬಾದ್ ಸಂಸ್ಥಾನದ ಸತ್ಯಾಗ್ರಹಿಗಳು ಸಿಂದಿ ಗಿಡಗಳನ್ನು ಕಡಿದರು. ಗಿಡದ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಬೊಕ್ಕಸದ ಬುಡಕ್ಕೆ ಕೊಡಲಿ ಹಾಕುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಹೋದ. ಪ್ರತಿ ವರ್ಷ ಆ ದಿನ ಕಲಬುರಗಿಯಲ್ಲಿ ಧ್ವಜ ಹಾರಿಸುತ್ತೇವೆ. ಬೊಕ್ಕಸ ಮಾತ್ರ ಹಾಗೇ ಇದೆ, ಬುಡವೂ ಅದೇ.

ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯಗಳನ್ನು ನಿಷೇಧಿಸಲು ಪ್ರಭುತ್ವ ಪ್ರಯತ್ನಿಸಬೇಕು ಎನ್ನುತ್ತದೆ. ಪ್ರಯತ್ನ ಹೇಗೆ ನಡೆದಿದೆ ನೋಡಿ. 2003ರಲ್ಲಿ ಸಗಟು ಮಾರಾಟಕ್ಕೆಂದೇ ಒಂದು ಪಾನೀಯ ನಿಗಮ ಕಟ್ಟಿದರು. 2007ರಲ್ಲಿ ಸಾರಾಯಿ ನಿಲ್ಲಿಸಿದರು. ಬಡವರ ಮನೆ ಉಳಿಯಿತು ಅಂದರು. ವರ್ಷ ತುಂಬುವುದರೊಳಗೆ ಅಪ್ಪ ಪಾಕೀಟು ಬಿಟ್ಟು ಕ್ವಾರ್ಟರಿಗೆ ಬಂದಿದ್ದ. ನಶೆ ಅಷ್ಟೇ, ರೊಕ್ಕ ದುಪ್ಪಟ್ಟು. ಆಮೇಲೆ ಎಂ.ಎಸ್.ಐ.ಎಲ್ ಹೆಸರಿನಲ್ಲಿ ಸರ್ಕಾರಿ ಸಂಸ್ಥೆಯೇ ಹಳ್ಳಿಹಳ್ಳಿಗೆ ಅಂಗಡಿ ತೆರೆಯಿತು. ಆಸ್ಪತ್ರೆಗಾಗಿ ಅರ್ಜಿ ಕೊಟ್ಟು ಕೊಟ್ಟು ಸಾಕಾದ ಊರಿಗೂ ಬಾಟಲಿ ತಪ್ಪದೆ ಬಂತು. 2023ರ ಜುಲೈ ಬಜೆಟ್ಟಿನಲ್ಲಿ ಹೆಚ್ಚುವರಿ ಅಬಕಾರಿ ಸುಂಕವನ್ನು ಎಲ್ಲ 18 ಘೋಷಿತ ಬೆಲೆ ಸ್ಲ್ಯಾಬುಗಳಿಗೂ ಶೇ 20 ಏರಿಸಿದರು, ಹಮಾಲನ ಕ್ವಾರ್ಟರಿಗೂ ಏರಿತು. 2024ರ ಆಗಸ್ಟಿನಲ್ಲಿ ನೆರೆರಾಜ್ಯಗಳಿಗೆ ಗಿರಾಕಿ ಹೋಗಬಾರದೆಂದು ದುಬಾರಿ ಮದ್ಯದ ದರ ಇಳಿಸಿದರು. ಬಾಲ್ಕನಿಯ ಅಪ್ಪಮಗನಿಗೆ ರಿಯಾಯಿತಿ ಸಿಕ್ಕಿತು, ಗೋಡೆಯ ಹಿಂದಿನ ಅಪ್ಪಮಗನಿಗೆ ಸಿಗಲಿಲ್ಲ. 2025-26ರಲ್ಲಿ ಅಬಕಾರಿಯಿಂದ ಬರಬೇಕಾದ ಹಣದ ಗುರಿ 40,000 ಕೋಟಿ ರೂಪಾಯಿ. ಗುರಿ! ಇಷ್ಟು ಕುಡಿಯಲೇಬೇಕು ಅಂತ ಲೆಕ್ಕ ಹಾಕಿ ಕೂತಿದ್ದಾರೆ. ತೊಗರಿಗೆ ಸರಿಯಾದ ಬೆಂಬಲ ಬೆಲೆ ಕೇಳಿ ರೈತರು ಕಲಬುರಗಿಯ ಬೀದಿಯಲ್ಲಿ ಕೂತಾಗ ಇಂಥ ಖಡಕ್ ಗುರಿ ಯಾರೂ ಹಾಕಿಕೊಳ್ಳಲಿಲ್ಲ.

ತೊಗರಿಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಕಮಲಾಪುರದ ಕೆಂಪು ಬಾಳೆಗೆ ಜಿ.ಐ. ಮಾನ್ಯತೆ ಬಂದಿದೆ. ಕಲಬುರಗಿಯ ತೊಗರಿಬೇಳೆಗೂ 2019ರಲ್ಲಿ ಬಂತು. ಕಮಲಾಪುರ 2017ರ ಬಜೆಟ್ಟಿನಲ್ಲಿ ತಾಲೂಕು ಅಂತಲೂ ಘೋಷಣೆಯಾಯಿತು. ಹಣ್ಣಿಗೂ ಕಾಳಿಗೂ ಊರಿನ ಹೆಸರಿನ ಮುದ್ರೆ ಬಿತ್ತು. ಆ ತೊಗರಿಯನ್ನು ಮೂವತ್ತು ವರ್ಷ ಬೆನ್ನ ಮೇಲೆ ಹೊತ್ತವನ ಬೆನ್ನಿನ ಮೇಲೂ ಒಂದು ಮುದ್ರೆ ಇತ್ತು, ಅಂಗೈ ಅಗಲದ ಕಪ್ಪು ದಡ್ಡು. ಅದಕ್ಕೆ ಪಿಂಚಣಿ ಇಲ್ಲ, ಮಾನ್ಯತೆಯೂ ಇಲ್ಲ.

ಸರ್ಕಾರವನ್ನು ಬೈಯುವುದು ಸುಲಭ, ನಮ್ಮವರಿಗೆ ಬರೋಣ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು 1979ರಲ್ಲಿ, ನಾನು ಹುಟ್ಟಿದ ವರ್ಷವೇ. ಅದಕ್ಕೂ ಮೊದಲೇ ಎದ್ದಿದ್ದ ದಲಿತ ಸಂಘರ್ಷ ಸಮಿತಿ ಹೆಂಡದಂಗಡಿಯ ಬದಲು ವಸತಿಶಾಲೆ ಕೊಡಿ ಎಂದು ಬೀದಿಗಿಳಿದು ಕೇಳಿತು. ಆ ಕೂಗಿನಿಂದ ನನ್ನಂಥವರಿಗೆ ಹಾಸ್ಟೆಲ್ಲು ಸಿಕ್ಕಿತು, ಅನ್ನ ಸಿಕ್ಕಿತು, ಅಕ್ಷರ ಸಿಕ್ಕಿತು. ಆ ಅಕ್ಷರ ಹಿಡಿದು ನಾವು ಮಾಡಿದ್ದೇನು? ಹಗಲು ವಿಚಾರ ಸಂಕಿರಣದಲ್ಲಿ ಅಪ್ಪಂದಿರ ಬೆವರಿನ ಮೇಲೆ ಪ್ರಬಂಧ ಓದಿ, ರಾತ್ರಿ ಲಾಡ್ಜಿನ ಕೋಣೆಯಲ್ಲಿ ಸಂಘಟಕರ ಖರ್ಚಿನಲ್ಲಿ ಬಾಟಲಿ ತೆರೆದೆವು. ಎರಡನೇ ಪೆಗ್ಗಿಗೆ ಎಲ್ಲರ ಅಪ್ಪಂದಿರೂ ಬರುತ್ತಿದ್ದರು. ಒಬ್ಬ ಅಪ್ಪನ ಜೀತ, ಇನ್ನೊಬ್ಬ ಅಪ್ಪನ ಚಪ್ಪಲಿ, ನನ್ನಪ್ಪನ ಜೂನ್ 30. ಯಾರ ಅಪ್ಪನ ಕಥೆಗೆ ಹೆಚ್ಚು ಕಣ್ಣೀರು ಬರುತ್ತದೋ ಅವನಿಗೆ ಮುಂದಿನ ಪೆಗ್ಗು. ಅವ್ವಂದಿರು ಆ ಕೋಣೆಗೆ ಬಂದರೂ ಅಪ್ಪನಿಂದ ಒದೆ ತಿನ್ನುವುದಕ್ಕಷ್ಟೇ ಬರುತ್ತಿದ್ದರು.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಕಲಬುರಗಿಯ ಬುದ್ಧ ವಿಹಾರ 2009ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಒಂದು ದಿನ ಅಪ್ಪನನ್ನು ಕರೆದುಕೊಂಡು ಹೋದೆ. ಬಿಳಿಯ ಗುಮ್ಮಟ, ಒಳಗೆ ತಣ್ಣಗೆ ಕೂತ ಬುದ್ಧ. ಅಪ್ಪ ಬಹಳ ಹೊತ್ತು ಕೈ ಮುಗಿದು ನಿಂತಿದ್ದ. ಹೊರಗೆ ಬಂದ ಮೇಲೆ ನಾನು ಮೆಲ್ಲಗೆ ಪ್ರತಿಜ್ಞೆಯ ಮಾತೆತ್ತಿದೆ. ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದ: "ಬಾಬಾಸಾಹೇಬರ ಮಾತು ಖರೇ ಅದ. ಅವರಿಗಿ ರಾತ್ರಿ ಕಳೀಲಾಕ ಪುಸ್ತಕ ಇದ್ವು. ನನಗೇನದ ಹೇಳು?"

ಉತ್ತರ ನನ್ನಲ್ಲಿರಲಿಲ್ಲ. ಮನೆಯಲ್ಲಿ ಮೂರು ಕಪಾಟು ತುಂಬ ಪುಸ್ತಕವಿದ್ದ ನಾನು ಕುಡಿಯುತ್ತಿದ್ದೆನಲ್ಲ, ಅದಕ್ಕೆ ಉತ್ತರ ಮೊದಲೇ ಇರಲಿಲ್ಲ.

ಕಮಲಾಪುರ ದಾಟಿ ಅದೇ ರಸ್ತೆಯಲ್ಲಿ ಹೋದರೆ ಹುಮನಾಬಾದ, ಅಲ್ಲಿಂದ ಬಸವಕಲ್ಯಾಣ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವನಿದ್ದ. ಹೆಂಡ ಮಾರುವ ಕಾಯಕದವ, ಧರ್ಮೇಶ್ವರಲಿಂಗ ಅವನ ಅಂಕಿತ. ಮಾರುವವನ ಹೆಸರು ಅನುಭವ ಮಂಟಪದ ತನಕ ಹೋಯಿತು. ಕುಡಿದವನ ಹೆಂಡತಿ ಏನಂದಳು ಎನ್ನುವುದನ್ನು ಕೇಳಿ ಬರೆದಿಟ್ಟವರು ಯಾರು? ಶರಣರ ಮೇಲೆ ನನಗೆ ತಕರಾರಿಲ್ಲ. ನಾನು ಕೇಳುತ್ತಿರುವುದು ನನ್ನನ್ನೇ.

ಏಕೆಂದರೆ ಹೆಂಗಸರು ಬಾಯಿ ಬಿಟ್ಟಾಗಲೆಲ್ಲ ಸರ್ಕಾರಗಳು ನಡುಗಿವೆ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರಾತ್ರಿಶಾಲೆಗೆ ಅಕ್ಷರ ಕಲಿಯಲು ಹೋದ ಕೂಲಿ ಹೆಂಗಸರು, ಪಾಠದಲ್ಲಿ ತಮ್ಮದೇ ಕಥೆ ಓದಿ, ಪುಸ್ತಕ ಮಡಚಿಟ್ಟು ಸಾರಾಯಿ ಅಂಗಡಿ ಮುಚ್ಚಿಸಲು ಹೊರಟರು. ಜಿಲ್ಲೆಯೆಲ್ಲ ಹಬ್ಬಿತು, ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು, ಅವರಲ್ಲಿ ರಾಯಚೂರಿನ ಕಡೆಯವರೇ ಬಹಳ, ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಹೋದರು. ದಾರಿಯಲ್ಲಿ ಒಬ್ಬಾಕೆ ವಾಹನ ಬಡಿದು ಸತ್ತಳು. ಜನವರಿ 30ರಂದು ರಾಜಧಾನಿ ಮುಟ್ಟಿದರು. ಆದಾಯ ಬಿಟ್ಟುಕೊಡಲಾಗದು ಎಂಬುದೇ ಅವರಿಗೆ ಸಿಕ್ಕ ಉತ್ತರದ ತಿರುಳು. ಆ ವಾರ ನಾನೆಲ್ಲಿದ್ದೆ? ಒಂದು ಕವಿಗೋಷ್ಠಿಯಲ್ಲಿದ್ದೆ. ಆ ನಡಿಗೆಯ ಮೇಲೆ ಪದ್ಯ ಓದಿ, ರಾತ್ರಿ ಅದೇ ಪದ್ಯಕ್ಕೆ ಗೆಳೆಯರು ಹಚ್ಚಿದ ಪಾರ್ಟಿಯಲ್ಲಿ ಎರಡನೇ ಗ್ಲಾಸು ಹಿಡಿದಿದ್ದೆ.

ಗೀತಾ ನಾಗಭೂಷಣ ನಮ್ಮ ಕಲಬುರಗಿಯವರು. 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ನೆಲದ ದುಡಿಯುವ ಹೆಂಗಸರ ಬಾಯಿಮಾತನ್ನು ಪುಸ್ತಕಕ್ಕೆ ತಂದ ಗಟ್ಟಿಗಿತ್ತಿ. ಆ ಕಾದಂಬರಿಯನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಸ್ತ್ರೀಸಂವೇದನೆ ಅಂತ ಬೋರ್ಡಿನ ಮೇಲೆ ದಪ್ಪಗೆ ಬರೆದಿದ್ದೇನೆ.

ಅಪ್ಪ 2016ರಲ್ಲಿ ಹೋದ. ಹೊಟ್ಟೆಯಲ್ಲಿ ನೀರು ತುಂಬಿತ್ತು. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಗ್ಲಾಸಿನ ಹಂಗಿಲ್ಲದೆ ನಾವಿಬ್ಬರೂ ಒಂದಿಷ್ಟು ಮಾತಾಡಬಹುದಿತ್ತು. ಇಬ್ಬರಿಗೂ ರೂಢಿ ಇರಲಿಲ್ಲ. ಅವನು ಫ್ಯಾನು ನೋಡುತ್ತಿದ್ದ, ನಾನು ಮೊಬೈಲು ನೋಡುತ್ತಿದ್ದೆ.

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ಇಷ್ಟವಾದದ್ದೆಲ್ಲ ಎಡೆಯಲ್ಲಿರಬೇಕು ಅನ್ನುತ್ತಾರೆ. ಹೋಳಿಗೆ, ಮಾಂಸ, ಬೀಡಿ, ಶೆರೆ. ಕಾಕಾ ನನ್ನನ್ನು ಬದಿಗೆ ಕರೆದು "ನಿಮ್ಮಪ್ಪಗ ಒಂದು ಕ್ವಾರ್ಟರ್ ತಂದಿಡು" ಅಂದ. ಪ್ರತಿಜ್ಞೆಗಳ ಪ್ರಕಾರ ನಮಗೆ ಎಡೆಯೂ ಇಲ್ಲ, ಕ್ವಾರ್ಟರೂ ಇಲ್ಲ. ಆದರೂ ನನ್ನ ಕೈ ಜೇಬಿಗೆ ಹೋಯಿತು. ಒಳಗೆ ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಾಪನೂರ ಕಡೆಯ ದಾಲ್ ಮಿಲ್ಲುಗಳಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವಳು, ಕಣ್ಣು ಮಂಜಾದರೂ ಬೆರಳಿಗೆ ಹರಳು ಸಿಗುತ್ತದೆ.

"ಬದುಕಿದ್ದಾಗ ತಂದು ಕೊಟ್ಟಿದ್ದು ಸಾಲ್ದೇನು? ಸತ್ತ ಮ್ಯಾಲೂ ತರಬೇಕಾ?" ಅಂದಳು, ತಲೆ ಎತ್ತದೆ.

ಕಾಕಾ ಹೊರಗೆ ಹೋದ. ನಾನು ಅವಳೆದುರು ಕೂತು, ಏನಾದರೂ ಹೇಳಬೇಕಲ್ಲ ಅಂತ, ಆ ರಾತ್ರಿಯ ಕಥೆ ತೆಗೆದೆ. ವೇದಿಕೆಯ ಮೇಲೆ ಹೇಳುವ ಹಾಗೆಯೇ ಹೇಳಿದೆ. ಆರು ಪಾಕೀಟು, ಹಲಗಿ, ಬರ, ಕೊನೆಗೆ ನನ್ನ ಫೀಸು, ಮೂರು ತಿಂಗಳು ಬಾಯಿಗೆ ಹನಿ ಹಾಕದ ಅಪ್ಪ. ಅವ್ವ ಮೊರ ನಿಲ್ಲಿಸಿದಳು.

"ಯಾರಂದ್ರು?"

"ಅಪ್ಪನೇ ಅಂದಾನ ಯವ್ವಾ. ನೀ ಹೊರಗ ಕಟ್ಟಿ ಮ್ಯಾಲ ಇದ್ದಿ."

"ಕಟ್ಟಿ ಮ್ಯಾಲ ಇದ್ದೆ, ಕೇಳ್ಲಾಕತ್ತಿದ್ದೆ" ಅಂದಳು. "ನನ್ನ ಕಾಲಗಡಗ ಗಿರವಿ ಇಟ್ಟು ತಂದ ರೊಕ್ಕಾ ಅದು. ಸಾವಕಾರ ನಾಕನೂರು ಕೊಟ್ಟಿದ್ದ. ನಿಮ್ಮಪ್ಪ ಅದ್ರಾಗ ನೂರು ಕಸಕೊಂಡು ಹೋಗಿ ಕುಡುದು ಬಂದ. ಕಡಿಮಿ ಬಿದ್ದದ್ದು ಮಿಲ್ಲಿನ ಮುಕಾದಮನ ಕಡಿಂದ ಉಸುನು ತಂದೆ. ಕಡಗ ಬಿಡಿಸ್ಲಾಕ ಆಗ್ಲೇ ಇಲ್ಲ."

ನಾನು ಅವಳ ಕಾಲು ನೋಡಿದೆ. ಬರಿಗಾಲು. ಅದು ಬರಿಗಾಲು ಅಂತ ನನಗೆ ಕಂಡದ್ದೇ ಆಗ.

"ಮತ್ತ ಅವತ್ತೇ ಯಾಕ ಹೇಳ್ಲಿಲ್ಲ?"

"ನೀವಿಬ್ರೂ ಅಳ್ಲಾಕತ್ತಿದ್ರಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೇಳಿ ಹೇಳಿ ಅವಗ ಅದೇ ಖರೇ ಅನಿಸಿರಬೇಕು. ಆ ಮೂರು ತಿಂಗಳ ಬಿಡಬೇಕಂತ ಮನಸಿನಾಗ ಇತ್ತೇನೋ, ಯಾರಿಗ್ಗೊತ್ತು" ಅಂದಳು.

ಮೊರ ಮತ್ತೆ ಅಲುಗಿತು. ಎರಡು ಹರಳು ಆರಿಸಿ ಬಾಗಿಲಿನಾಚೆ ಎಸೆದಳು. ಹೊರಗೆ ಕಾಕಾ ಯಾರನ್ನೋ ವೈನ್ ಶಾಪಿಗೆ ಕಳಿಸುತ್ತಿದ್ದ, ಹುಡುಗನ ಧ್ವನಿ ಕೇಳಿಸಿತು, ಹತ್ತು ಹನ್ನೊಂದು ವರ್ಷದವನಿರಬೇಕು.

"ಚಾ ಇಡ್ಲೇನು?" ಅಂದಳು ಅವ್ವ. "ನಾನೂ ಕುಡೀತೀನಿ. ಬೆಳಿಗ್ಗಿಂದ ಕುಡುದಿಲ್ಲ."

ನಾನು ಎದ್ದು ಒಲೆಯ ಹತ್ತಿರ ಹೋದೆ. ಸಕ್ಕರಿ ಡಬ್ಬಿ ಎಲ್ಲಿರುತ್ತದೆ ಅಂತ ಅವಳನ್ನೇ ಕೇಳಬೇಕಾಯಿತು.